ಕರಡಿಗೆ ಮತ್ತು ಕಟ್ಟು: ವಚನಗಳ ಬೆಳಕಿನಲ್ಲಿ ಮನೆತನದ ವಸ್ತುಗಳು

ನಮ್ಮ ನಾಡಿನ ಯಾವ ಹಳೆಯ ಮನೆಯನ್ನು ಹೊಕ್ಕರೂ ಅಲ್ಲಿ ಒಂದಿಲ್ಲೊಂದು ವಸ್ತು ಹಿರಿಯರ ಹೆಸರನ್ನು ಹೊತ್ತು ಕುಳಿತಿರುತ್ತದೆ. ಮುತ್ತಜ್ಜನ ಬೆತ್ತ, ಅಜ್ಜಿಯ ಕೈಬಟ್ಟಲು, ತಾಯಿಯ ತವರಿನಿಂದ ಬಂದ ತಾಮ್ರದ ಕೊಡ, ಜಗುಲಿಯ ಮೇಲಿನ ಓಲೆಗರಿಯ ಕಟ್ಟು — ಇವುಗಳ ಬೆಲೆಯನ್ನು ತಕ್ಕಡಿಯಲ್ಲಿ ತೂಗಿ ನಿರ್ಣಯಿಸಲು ಬರುವುದಿಲ್ಲ. ವಸ್ತುವಿಗಿಂತ ಅದಕ್ಕೆ ಅಂಟಿಕೊಂಡ ನೆನಪು ಹಿರಿದು ಎಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಆ ನೆನಪು ನಿಜವಾದ ನೆನಪೇ, ಅಥವಾ ನಾವು ನಮ್ಮ ಅನುಕೂಲಕ್ಕೆ ತಕ್ಕಂತೆ ವಸ್ತುವಿನ ಮೇಲೆ ಹೊದಿಸಿದ ವಸ್ತ್ರವೇ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ವಚನಸಾಹಿತ್ಯವನ್ನು ಓದುತ್ತ, ಓದಿಸುತ್ತ ಬಾಳಿನ ಬಹುಭಾಗವನ್ನು ಕಳೆದ ನನಗೆ ಈ ಪ್ರಶ್ನೆ ಎದುರಾದದ್ದು ಗ್ರಂಥಗಳಿಂದಲ್ಲ. ನಮ್ಮ ಮನೆಯ ಪಾಲುಪಟ್ಟಿಯಿಂದ. ಉತ್ತರವನ್ನು ಹುಡುಕಲು ಮಾತ್ರ ಮತ್ತೆ ವಚನಗಳ ಬಳಿಗೇ ಹೋಗಬೇಕಾಯಿತು. ಆ ಹುಡುಕಾಟದ ಫಲವನ್ನು ಶರಣಬಂಧುಗಳ ಮುಂದೆ ವಿನಯದಿಂದ ಇಡುತ್ತಿದ್ದೇನೆ.

ಶರಣರು ವಸ್ತುವಿರೋಧಿಗಳು, ಲೋಹ–ಬಟ್ಟೆ–ಭಾಂಡಗಳನ್ನು ತುಚ್ಛವಾಗಿ ಕಂಡವರು ಎಂಬ ಅಭಿಪ್ರಾಯವೊಂದು ನಮ್ಮ ವಿದ್ಯಾರ್ಥಿಗಳಲ್ಲಿ ಬಳಕೆಯಲ್ಲಿದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಮೇಲುನೋಟಕ್ಕೆ ಇದಕ್ಕೆ ಆಧಾರಗಳೂ ಇವೆ. ನಾಳೆಗೆ ಬೇಕಾದೀತೆಂದು ಹೊನ್ನನ್ನೋ ಸೀರೆಯನ್ನೋ ತನಗಾಗಿ ಬಯಸುವುದನ್ನು ಬಸವಣ್ಣನವರು ಆಣೆಯಿಟ್ಟು ನಿರಾಕರಿಸುತ್ತಾರೆ. ಬೀದಿ ಗುಡಿಸುವ ಕಾಯಕದ ಸತ್ಯಕ್ಕ, ದಾರಿಯಲ್ಲಿ ಬಿದ್ದ ಹೊನ್ನನ್ನು ಕೈಯಿಂದ ಮುಟ್ಟಲಾರೆನೆಂದು ಅಷ್ಟೇ ಖಂಡಿತವಾಗಿ ನುಡಿಯುತ್ತಾಳೆ. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಲಕ್ಕಮ್ಮ ಒಳಗೆ ಬರಗೊಡದೆ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳಿಸುತ್ತಾಳೆ. ಮಹಾದೇವಿಯಕ್ಕ ಅರಮನೆಯ ಒಡವೆ–ವಸ್ತ್ರಗಳನ್ನೆಲ್ಲ ಅಲ್ಲಿಯೇ ಬಿಟ್ಟು ಹೊರಟವಳು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸುತನವನ್ನೇ ತೊರೆದು ಬಂದು ಕಟ್ಟಿಗೆ ಹೊತ್ತು ಮಾರಿದನೆಂದು ಪರಂಪರೆ ಹೇಳುತ್ತದೆ. ವಂಶದಿಂದ ಬರುವ ವಸ್ತುಗಳಲ್ಲಿ ಸಿಂಹಾಸನಕ್ಕಿಂತ ದೊಡ್ಡದು ಯಾವುದಿದ್ದೀತು?

ಆದರೂ ಶರಣರು ವಸ್ತುವಿರೋಧಿಗಳೆಂಬ ಮಾತನ್ನು ನಾನು ಒಪ್ಪಲಾರೆ. ಕಾರಣ ಸರಳವಾದುದು. ಕನ್ನಡ ಸಾಹಿತ್ಯದಲ್ಲಿ ಮನೆಬಳಕೆಯ ವಸ್ತುಗಳಿಗೆ ವಚನಗಳಲ್ಲಿ ದೊರೆತಷ್ಟು ಸ್ಥಾನ ಅದಕ್ಕೆ ಮುಂಚಿನ ಯಾವ ಕಾವ್ಯದಲ್ಲಿಯೂ ದೊರೆತಿಲ್ಲ. ಚಂಪೂಕವಿಗಳ ಕಾವ್ಯಗಳಲ್ಲಿ ರತ್ನಕಿರೀಟಗಳಿವೆ, ಮಣಿಪೀಠಗಳಿವೆ. ಆದರೆ ಮಗ್ಗದ ಕುಣಿಯಿಲ್ಲ, ಒನಕೆಯ ಸದ್ದಿಲ್ಲ. ದಾಸಿಮಯ್ಯನ ಮಗ್ಗ, ಅಂಬಿಗರ ಚೌಡಯ್ಯನ ಹುಟ್ಟುಗೋಲು, ಮಾದಾರ ಧೂಳಯ್ಯನ ಉಳಿ, ನುಲಿಯ ಚಂದಯ್ಯನ ಹಗ್ಗ, ಮೇದರ ಕೇತಯ್ಯನ ಬಿದಿರು, ಹಡಪದ ಅಪ್ಪಣ್ಣನ ಎಲೆಯಡಿಕೆಯ ಚೀಲ, ಕೊಟ್ಟಣದ ಸೋಮವ್ವೆಯ ಒರಳು — ಇವರ ಹೆಸರುಗಳಿಗೇ ಅವರ ಕೈಯ ವಸ್ತುಗಳು ಅಂಟಿಕೊಂಡಿವೆ. ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಒಂದೊಂದು ಅಂಗದಲ್ಲಿ ಒಬ್ಬೊಬ್ಬ ದೇವತೆಯನ್ನು ಕಾಣುತ್ತಾಳೆ. ವಸ್ತುವನ್ನು ತುಚ್ಛವೆಂದು ಬಗೆದವಳ ದೃಷ್ಟಿ ಇದಲ್ಲ.

ಹಾಗಾದರೆ ಸತ್ಯಕ್ಕ ಮುಟ್ಟದ ಹೊನ್ನಿಗೂ ರೆಮ್ಮವ್ವೆ ಬಿಡದ ರಾಟೆಗೂ ಇರುವ ಭೇದವೇನು? ನನ್ನ ತಿಳಿವಳಿಕೆಯ ಮಟ್ಟಿಗೆ ಅದು ಒಡವೆಗೂ ಉಪಕರಣಕ್ಕೂ ಇರುವ ಭೇದ. ಒಡವೆ ಎಂದರೆ ಒಡೆತನಕ್ಕೆ ಸಿಕ್ಕಿದ್ದು, ಇಡುವುದಕ್ಕಾಗಿ ಇರುವುದು. ಉಪಕರಣ ಎಂದರೆ ಕೈಗೆ ಹತ್ತಿರವಿದ್ದು ಕೆಲಸಕ್ಕೆ ಒದಗುವುದು, ಸವೆಯುವುದಕ್ಕಾಗಿ ಇರುವುದು. ವಚನಗಳಲ್ಲಿ ಗೌರವ ಪಡೆದ ವಸ್ತುಗಳೆಲ್ಲ ಸವೆಯುತ್ತಿರುವ ವಸ್ತುಗಳು. ಅವುಗಳ ಹಿಂದೆ ದುಡಿಯುವ ಕೈಯೊಂದು ಇದ್ದೇ ಇರುತ್ತದೆ. ಬಳಕೆಯಿಂದ ಹಿಂದೆ ಸರಿದು, ಗೂಡಿನಲ್ಲಿ ಕುಳಿತು, ಕೇವಲ ತನ್ನ ಇರುವಿಕೆಯಿಂದಲೇ ಮರ್ಯಾದೆ ಪಡೆಯುವ ವಸ್ತುವನ್ನು ಶರಣರು ಸಂಶಯದಿಂದ ನೋಡುತ್ತಾರೆ. ಸ್ಥಾವರ–ಜಂಗಮಗಳ ಪ್ರಸಿದ್ಧ ವಿವೇಚನೆಯನ್ನು ನಾವು ದೇವಾಲಯಕ್ಕಷ್ಟೇ ಅನ್ವಯಿಸಿ ಸುಮ್ಮನಾಗುತ್ತೇವೆ. ಅದು ನಮ್ಮ ಮನೆಯ ಮಾಡದ ಗೂಡಿಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯುತ್ತೇವೆ.

ನುಲಿಯ ಚಂದಯ್ಯನ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಹಗ್ಗಕ್ಕಾಗಿ ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ಬೀಳುತ್ತದೆ. ಚಂದಯ್ಯ ಕಾಯಕವನ್ನು ನಿಲ್ಲಿಸುವುದಿಲ್ಲ. ಲಿಂಗವೇ ಅವನ ಬೆನ್ನುಹತ್ತಿ ಬರುತ್ತದೆ. ಶೂನ್ಯಸಂಪಾದನೆಯ ಸಂಕಲನಕಾರರು ಈ ಪ್ರಸಂಗವನ್ನು ವಿಸ್ತರಿಸಿ ಚರ್ಚೆಗೆ ಒಡ್ಡಿದ್ದಾರೆ. ಪವಿತ್ರ ವಸ್ತುಗಳಲ್ಲಿ ಅತ್ಯಂತ ಪವಿತ್ರವಾದುದು ಕೂಡ ಕಾಯಕವನ್ನು ಅರಸಿಕೊಂಡು ಬರಬೇಕೇ ಹೊರತು ಕಾಯಕ ಅದಕ್ಕಾಗಿ ನಿಲ್ಲಬೇಕಿಲ್ಲ ಎಂಬ ಧೈರ್ಯದ ನಿಲುವು ಇಲ್ಲಿದೆ. ಅನಂತರದ ಚರ್ಚೆ ಚಂದಯ್ಯನನ್ನು ಲಿಂಗದೊಡನೆ ಮತ್ತೆ ಕೂಡಿಸುತ್ತದೆ ಎಂಬುದನ್ನೂ ಮರೆಯಬಾರದು. ವಸ್ತುವನ್ನು ಬಿಸುಡಬೇಕೆಂಬುದು ಈ ಪ್ರಸಂಗದ ಆಶಯವಲ್ಲ. ವಸ್ತುವಿನೊಡನೆ ನಮ್ಮ ಸಂಬಂಧ ಯಾವುದೆಂಬುದು ಅದರ ಪ್ರಶ್ನೆ.

ಇನ್ನು ವಂಶದ ಮಾತು. ವಂಶಪಾರಂಪರ್ಯವಾಗಿ ಬಂದ ವಸ್ತುವಿಗೆ ಗೌರವ ಬರುವುದು ವಂಶದ ಗೌರವದಿಂದ. ಬಸವಣ್ಣನವರು ಈ ಬೇರಿಗೇ ಕೈಹಾಕಿದವರು. ಹುಟ್ಟಿನಿಂದ ಬಂದ ಕುಲದ ಹಿರಿಮೆಯನ್ನು ಕಳಚಿಟ್ಟು, ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ಅವರು ಕರೆದುಕೊಳ್ಳುತ್ತಾರೆ. ಇದನ್ನು ಕೇವಲ ವಿನಯವೆಂದು ಓದುವುದುಂಟು. ನನಗೆ ಇದು ಒಂದು ಹೊಸ ವಂಶಾವಳಿಯ ರಚನೆಯಾಗಿ ಕಾಣುತ್ತದೆ: ರಕ್ತದಿಂದ ಬಂದ ವಂಶಾವಳಿಯ ಬದಲು ನಡೆಯನ್ನು ನೋಡಿ ಆರಿಸಿಕೊಂಡ ವಂಶಾವಳಿ. ಇಂಥ ವಂಶಾವಳಿಯಲ್ಲಿ ಆಸ್ತಿಯಾಗಿ ಇಳಿದು ಬರುವುದು ಬೆಳ್ಳಿ–ಬಂಗಾರವಲ್ಲ, ನಡೆ ಮಾತ್ರ.

ಈ ತತ್ತ್ವ ವಚನಗಳಲ್ಲಷ್ಟೇ ಉಳಿಯದೆ ನಮ್ಮ ಆಚರಣೆಯ ನಡುವೆಯೇ ಮೂರ್ತಿಗೊಂಡಿದೆ. ವೀರಶೈವನಿಗೆ ಅತ್ಯಂತ ಆಪ್ತವಾದ ವಸ್ತು ಇಷ್ಟಲಿಂಗ. ಅದು ಗುರುವಿನ ಹಸ್ತದಿಂದ ಅವನವನಿಗೆ ಬೇರೆಬೇರೆಯಾಗಿಯೇ ದೊರೆಯುತ್ತದೆ. ತಂದೆಯ ಲಿಂಗವನ್ನು ಮಗ ಧರಿಸುವುದಿಲ್ಲ. ಅತ್ತೆಯ ಲಿಂಗವನ್ನು ಸೊಸೆ ಧರಿಸುವುದಿಲ್ಲ. ದೇಹವು ಬಿದ್ದಾಗ ಲಿಂಗವೂ ಆ ದೇಹದೊಡನೆ ಸಮಾಧಿಯನ್ನು ಸೇರುತ್ತದೆ. ಲೋಕದಲ್ಲಿ ಪವಿತ್ರ ವಸ್ತುಗಳು ತಲೆಮಾರಿನಿಂದ ತಲೆಮಾರಿಗೆ ಸಾಗುವುದು ಸಾಮಾನ್ಯ. ಇಲ್ಲಿ ಮಾತ್ರ ಪವಿತ್ರತಮವಾದ ವಸ್ತುವಿಗೆ ವಾರಸುದಾರರೇ ಇಲ್ಲ. ಹಾಗಾದರೆ ಮನೆಯಲ್ಲಿ ಉಳಿಯುವುದೇನು? ಲಿಂಗವನ್ನು ಇಟ್ಟಿದ್ದ ಕರಡಿಗೆ. ಮೊಟ್ಟೆಯಾಕಾರದ, ಎರಡು ತುದಿಗಳಲ್ಲಿ ಮೊನೆಯಿರುವ, ಶಿವದಾರವನ್ನು ಪೋಣಿಸುವ ಆ ಬೆಳ್ಳಿಯ ಕವಚ. ಚೌಕ, ಗುಂಡಗಡಿಗೆ ಎಂಬ ಬೇರೆ ರೂಪಗಳೂ ಇವೆ. ಒಳಗಿನದು ವ್ಯಕ್ತಿಯೊಡನೆ ಹೋಗುತ್ತದೆ. ಹೊರಗಿನದು ಮನೆತನಕ್ಕೆ ಉಳಿಯುತ್ತದೆ. ಆನುವಂಶಿಕವಾಗಿ ಪಡೆಯಬಹುದಾದುದು ಕವಚವನ್ನೇ ಹೊರತು ಅದರೊಳಗಿನ ಅರಿವನ್ನಲ್ಲ ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಗ್ರಂಥ ಹೇಳೀತು?

ಇಷ್ಟನ್ನು ತತ್ತ್ವವಾಗಿ ಹೇಳುವುದು ಸುಲಭ. ನಮ್ಮ ಮನೆಯ ಎರಡು ವಸ್ತುಗಳ ವೃತ್ತಾಂತವನ್ನು ಹೇಳಿದರೆ ಇದರ ಕಷ್ಟವೂ ಗೊತ್ತಾದೀತು.

ನಮ್ಮದು ಕೃಷ್ಣಾ ತೀರದ ಒಂದು ಸಣ್ಣ ಹಳ್ಳಿ. ಅಜ್ಜಿ, ಎಂದರೆ ನಮ್ಮ ತಂದೆಯ ತಾಯಿ, 1981ರಲ್ಲಿ ಲಿಂಗೈಕ್ಯಳಾದಳು. ಅವಳ ಲಿಂಗ ಅವಳೊಡನೆ ಹೋಯಿತು. ಬೆಳ್ಳಿಯ ಕರಡಿಗೆ ನಮ್ಮ ತಾಯಿಯ ಕೊರಳಿಗೆ ಬಂತು. ಆ ಕರಡಿಗೆಯ ತಳದಲ್ಲಿ ಮೊಳೆಯಿಂದ ಗೀರಿದಂತಹ ಒಂದು ಗುರುತಿತ್ತು. ಅದು ಬೀಜಾಕ್ಷರವೆಂದೂ, ಹಿಂದೆ ಒಬ್ಬ ಸ್ವಾಮಿಗಳು ಬರೆದುಕೊಟ್ಟದ್ದೆಂದೂ ನಮ್ಮ ಮನೆಯಲ್ಲಿ ಪ್ರತೀತಿ. ಮಕ್ಕಳಿಗೆ ಜ್ವರ ಬಂದಾಗ ತಾಯಿ ಆ ಗುರುತನ್ನು ಹಣೆಗೆ ತಾಗಿಸುತ್ತಿದ್ದಳು. ನಾನೂ ನನ್ನ ಮಕ್ಕಳ ಹಣೆಗೆ ಅದನ್ನು ತಾಗಿಸಿದವನೇ.

ಎರಡನೆಯದು ಓಲೆಗರಿಯ ಕಟ್ಟು. ಜಗುಲಿಯ ಗೂಡಿನಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಅದನ್ನು ಮನೆಯವರು ಬಸವಣ್ಣನವರ ಕೈಬರಹವೆಂದೇ ನಂಬಿದ್ದರು. ಶ್ರಾವಣದ ಸೋಮವಾರಗಳಂದು ಅದಕ್ಕೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿ ಪೂಜಿಸುವ ರೂಢಿ. ಬಿಚ್ಚುವ ರೂಢಿ ಇರಲಿಲ್ಲ. ಬಿಚ್ಚಿದರೆ ಮನೆಗೆ ಕೇಡು ಎಂದು ಹಿರಿಯರು ಹೇಳಿದ್ದರಂತೆ.

ಇಲ್ಲಿ ಒಂದು ಸತ್ಯವನ್ನು ಕೃತಜ್ಞತೆಯಿಂದ ಒಪ್ಪಿಕೊಳ್ಳಬೇಕು. ಇಂಥ ಅಂಧಭಕ್ತಿಯಿಂದಲೇ ವಚನಗಳು ಉಳಿದವು. ಕಲ್ಯಾಣದ ಕ್ಷೋಭೆಯ ತರುವಾಯ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂಬುದು ಪರಂಪರೆಯ ನಂಬಿಕೆ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಆಳಿಕೆಯಲ್ಲಿ ಲಕ್ಕಣ ದಂಡೇಶ, ಜಕ್ಕಣಾರ್ಯ ಮೊದಲಾದವರ ಆಶ್ರಯದಲ್ಲಿ ಸಂಗ್ರಹ–ಸಂಕಲನದ ಮಹಾಕಾರ್ಯ ನಡೆಯಿತು. ಅಲ್ಲಿಂದೀಚೆಗೆ ಮುದ್ರಣದ ಕಾಲದವರೆಗೆ ಈ ಸಾಹಿತ್ಯವನ್ನು ಕಾಪಾಡಿದವು ಮಠಗಳು ಮತ್ತು ಸಾಮಾನ್ಯ ಗೃಹಸ್ಥರ ಜಗುಲಿಗಳು. ಓಲೆಗರಿ ಚಿರಂಜೀವಿಯಲ್ಲ. ಗರಿಯನ್ನು ಹದಮಾಡಿ, ಕಬ್ಬಿಣದ ಕಂಠದಿಂದ ಕೊರೆದು, ಮಸಿ ತೀಡಿ, ರಂಧ್ರದಲ್ಲಿ ದಾರ ಪೋಣಿಸಿ, ಮರದ ಹಲಗೆಗಳ ನಡುವೆ ಬಿಗಿದಿಟ್ಟರೂ ಹುಳು ಮತ್ತು ತೇವ ಅದನ್ನು ತಿನ್ನದೆ ಬಿಡುವುದಿಲ್ಲ. ಕಾಲಕಾಲಕ್ಕೆ ಯಾರಾದರೂ ಕುಳಿತು ಹಳೆಯದನ್ನು ನೋಡಿ ಹೊಸದನ್ನು ಬರೆದರೆ ಮಾತ್ರ ಪಠ್ಯ ಉಳಿಯುತ್ತದೆ. ಎಂದರೆ ಕಟ್ಟು ಕೂಡ ಮೂಲತಃ ಒಂದು ಉಪಕರಣ. ಓದಿ, ಸವೆಸಿ, ಪ್ರತಿಮಾಡಿ ಮುಂದಿನವರಿಗೆ ದಾಟಿಸಬೇಕಾದದ್ದು. ಓದುವುದು ನಿಂತು ಪೂಜೆ ಮಾತ್ರ ಉಳಿದಾಗ ಅದು ಒಡವೆಯಾಯಿತು. ನೀರು ಚಿಮುಕಿಸಿದ ಪೂಜೆಯಿಂದಲೇ ಗರಿಗಳು ಒಂದಕ್ಕೊಂದು ಅಂಟಿ ಹಾಳಾದವು. ಕಾಪಾಡಿದ ಕೈಯೇ ಕೆಡಿಸಿದ ಕೈಯೂ ಆಯಿತು.

ಈ ಹಿನ್ನೆಲೆಯಲ್ಲಿ ಫ. ಗು. ಹಳಕಟ್ಟಿಯವರ (1880–1964) ಕಾರ್ಯವನ್ನು ನೋಡಿದರೆ ಅದರ ಮಹತ್ತ್ವ ಇನ್ನೊಂದು ರೀತಿಯಲ್ಲಿ ಹೊಳೆಯುತ್ತದೆ. ಬಿಜಾಪುರದಲ್ಲಿ, ಇಂದಿನ ವಿಜಯಪುರದಲ್ಲಿ, ವಕೀಲರಾಗಿದ್ದ ಅವರು ಊರೂರು ಅಲೆದು, ಮನೆಗಳಲ್ಲಿಯೂ ಮಠಗಳಲ್ಲಿಯೂ ಮುಚ್ಚಿದ್ದ ಕಟ್ಟುಗಳನ್ನು ಬಿಚ್ಚಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ವಾಸದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರೆಂಬ ಸಂಗತಿ ಎಲ್ಲರಿಗೂ ತಿಳಿದದ್ದು. ಈ ಸಂಗತಿಯನ್ನು ತ್ಯಾಗದ ನಿದರ್ಶನವಾಗಿ ನಾವು ಭಾಷಣಗಳಲ್ಲಿ ಹೇಳುತ್ತೇವೆ. ಅದರಲ್ಲಿ ಒಂದು ವಿಮರ್ಶೆಯೂ ಅಡಗಿದೆಯೆಂದು ನನಗೆ ತೋರುತ್ತದೆ. ಮಕ್ಕಳಿಗೆ ಬಿಟ್ಟು ಹೋಗಬೇಕಾದ ಮನೆಯೆಂಬ ವಸ್ತುವನ್ನು ಕೊಟ್ಟು, ಅನ್ಯರ ಮನೆಗಳಲ್ಲಿ ವಸ್ತುವಾಗಿ ಬಿದ್ದಿದ್ದ ಮಾತನ್ನು ಅವರು ಬಿಡಿಸಿಕೊಂಡರು. ಒಂದೊಂದು ಮನೆತನದ ಸ್ವತ್ತಾಗಿದ್ದುದು ಅಕ್ಷರ ಬಲ್ಲ ಎಲ್ಲರ ಸ್ವತ್ತಾಯಿತು. 1993ರಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹೊರತಂದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದವರೆಗೆ ಸಾಗಿ ಬಂದ ದಾರಿಯ ಮೊದಲ ಹೆಜ್ಜೆ ಅದು.

ಆ ದಾರಿಯಲ್ಲಿ ನಾನೂ ಒಂದು ಸಣ್ಣ ಹೆಜ್ಜೆ ಇಡಬೇಕೆಂದು 1986ರಲ್ಲಿ, ಆಗ ನನಗೆ ಇಪ್ಪತ್ತೊಂಬತ್ತು ವರ್ಷ, ತಾಯಿಯನ್ನು ಒಪ್ಪಿಸಿ ನಮ್ಮ ಕಟ್ಟನ್ನು ಬಿಚ್ಚಿದೆ. 112 ಗರಿಗಳು. ಮೊದಲ ಮೂವತ್ತಕ್ಕೂ ಹೆಚ್ಚು ಗರಿಗಳು ಅಂಟಿಕೊಂಡು ಹಲಗೆಯಂತಾಗಿದ್ದವು. ಉಳಿದವುಗಳನ್ನು ಬೇಸಿಗೆಯ ರಜೆಯುದ್ದಕ್ಕೂ ಕುಳಿತು ಓದಿ ನೋಟುಪುಸ್ತಕಕ್ಕೆ ಇಳಿಸಿಕೊಂಡೆ. ಬಸವಣ್ಣನವರ ಕೈಬರಹವೆಂಬುದು ಮೊದಲ ದಿನವೇ ಬಿದ್ದುಹೋಯಿತು, ಲಿಪಿ ಇತ್ತೀಚಿನದು. ಅದು ಬೇರೆಬೇರೆ ಶರಣರ ವಚನಗಳನ್ನು ಷಟ್‌ಸ್ಥಲಕ್ರಮದಲ್ಲಿ ಜೋಡಿಸಿದ ಒಂದು ಸಾಮಾನ್ಯ ಸಂಕಲನ. ಮುದ್ರಣದಲ್ಲಿ ದೊರೆಯದ ವಚನ ಅದರಲ್ಲಿ ಒಂದೂ ಇರಲಿಲ್ಲ. ಆದರೆ ಕೊನೆಯ ಏಳು ಗರಿಗಳಲ್ಲಿ ವಚನಗಳಿರಲಿಲ್ಲ, ಲೆಕ್ಕವಿತ್ತು. ನಮ್ಮ ಮನೆತನದ ಹಿರಿಯನೊಬ್ಬ ಊರಿನ ಜನರಿಗೆ ಜೋಳವನ್ನು ಕೊಟ್ಟು, ಸುಗ್ಗಿಯಲ್ಲಿ ಅದನ್ನು ದೀಡಪಟ್ಟಾಗಿ ಹಿಂದಕ್ಕೆ ಪಡೆದ ಲೆಕ್ಕ. ಹೆಸರು, ಕೊಳಗ, ಬಾಕಿ. ಕೆಲವು ಹೆಸರುಗಳ ಮುಂದೆ ಹೊಲದ ಗುರುತೂ ಇತ್ತು. ಜೋಳ ತೀರದೆ ಹೊಲ ನಮ್ಮದಾಯಿತೆಂದು ಅದರ ಅರ್ಥ.

ನಮ್ಮ ಮನೆತನವನ್ನು ಊರಿನಲ್ಲಿ ದಾಸೋಹದ ಮನೆತನವೆಂದು ಕರೆಯುತ್ತಿದ್ದರು. ಬರಗಾಲದಲ್ಲಿ ಹಗೇವಿನ ಬಾಯಿ ತೆರೆದು ಊರಿಗೆಲ್ಲ ಜೋಳ ಹಂಚಿದವರು ನಿಮ್ಮ ಹಿರಿಯರು ಎಂದು ನಮಗೆ ಹೇಳಿ ಬೆಳೆಸಿದ್ದರು. ಹಗೇವು ತೆರೆದದ್ದು ನಿಜ, ಹಂಚಿದ್ದೂ ನಿಜ. ಹಿಂದಕ್ಕೆ ಪಡೆದ ಅಳತೆಯನ್ನು ಮಾತ್ರ ನೆನಪು ಬಿಟ್ಟುಬಿಟ್ಟಿತ್ತು, ಓಲೆ ಬಿಟ್ಟಿರಲಿಲ್ಲ. ಅದೇ ಕಂಠ, ಅದೇ ಮಸಿ, ಅದೇ ಕೈ. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿಯಲು ಹೇಳಿದ ವಚನವನ್ನು ಪ್ರತಿಮಾಡಿದ ಕೈ ಕೆಲವೇ ಗರಿಗಳ ಬಳಿಕ ದೀಡಪಟ್ಟು ಜೋಳದ ಬಾಕಿಯನ್ನು ಬರೆದಿತ್ತು. ಆ ಹಿರಿಯನನ್ನು ಕಪಟಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಬಹುಶಃ ಅವನಿಗೆ ಎರಡೂ ಬರಹಗಳು ಬೇರೆಬೇರೆಯಾಗಿ ಕಾಣಿಸಿರಲಿಕ್ಕಿಲ್ಲ. ಎರಡೂ ಮನೆಗೆ ಒಳಿತೆಂದು ಬರೆದಿರಬೇಕು.

ನನ್ನ ತಪ್ಪು ಇನ್ನೊಂದಿದೆ. ಆ ಏಳು ಗರಿಗಳನ್ನು ನಾನು ನೋಟುಪುಸ್ತಕಕ್ಕೆ ಇಳಿಸಲಿಲ್ಲ. ತಾಯಿ ಕೇಳಿದಾಗ ಕೊನೆಯ ಗರಿಗಳು ಸವೆದಿವೆ ಎಂದು ಹೇಳಿ ಕಟ್ಟನ್ನು ಮತ್ತೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟೆ. ಆ ಪಟ್ಟಿಯಲ್ಲಿದ್ದ ಮನೆತನಗಳ ಮಕ್ಕಳು ಆಗ ನನ್ನ ತರಗತಿಯಲ್ಲಿಯೇ ಕುಳಿತಿದ್ದರು. ಅವರಿಗೆ ನಾನು ಕಾಯಕ ಮತ್ತು ದಾಸೋಹಗಳ ಪಾಠ ಹೇಳುತ್ತಿದ್ದೆ. ಮೂವತ್ತಮೂರು ವರ್ಷ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ.

2018ರಲ್ಲಿ ತಾಯಿ ಲಿಂಗೈಕ್ಯಳಾದಳು. ಮರುವರ್ಷ ಪಾಲಾಯಿತು. ಹೊಲಮನೆಗಳ ಪಾಲು ಒಂದೇ ದಿನದಲ್ಲಿ ಮುಗಿಯಿತು; ಕರಡಿಗೆ ಮತ್ತು ಕಟ್ಟಿನ ಪಾಲು ಮಾತ್ರ ಮೂರು ದಿನ ಹಿಡಿಯಿತು. ಬೀಜಾಕ್ಷರವಿರುವ ಕರಡಿಗೆ ಹಿರಿಯ ಮಗನಿಗೇ ಸಲ್ಲಬೇಕೆಂದು ಅಣ್ಣ. ಬೆಳ್ಳಿಯ ಬೆಲೆ ಕಟ್ಟಿ ಹಂಚಬೇಕೆಂದು ಇನ್ನೊಬ್ಬರು. ಆಗ ಅದುವರೆಗೆ ಸುಮ್ಮನೆ ಕುಳಿತಿದ್ದ ಅಕ್ಕ, ಎಪ್ಪತ್ತು ದಾಟಿದವಳು, ಒಂದು ಮಾತು ಹೇಳಿದಳು. ಅದು ಬೀಜಾಕ್ಷರವಲ್ಲ, ಅಡವಿನ ಅಂಕಿ.

1972ರ ಬರ ನಮ್ಮ ಸೀಮೆಯ ಹಿರಿಯರಿಗೆ ಇಂದಿಗೂ ಮರೆಯದ ಬರ. ನಾನು ಆಗ ಪೇಟೆಯಲ್ಲಿ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದೆ. ಮನೆಯ ಹಗೇವು ಬರಿದಾದುದು ನನಗೆ ತಿಳಿಯದು. ಅಕ್ಕ ಮನೆಯಲ್ಲಿದ್ದಳು. ಅಜ್ಜಿ ಒಂದು ಬೆಳಗ್ಗೆ ಲಿಂಗಪೂಜೆ ಮುಗಿಸಿ, ಲಿಂಗವನ್ನು ಹಳೆಯ ಸೀರೆಯ ಸೆರಗಿನ ತುಂಡಿನಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಬರಿದಾದ ಕರಡಿಗೆಯನ್ನು ಅಕ್ಕನ ಕೈಗೆ ಕೊಟ್ಟು ಅಡವಿಡಲು ಕಳಿಸಿದಳಂತೆ. ಅಡವು ಹಿಡಿದವನು ತನ್ನ ಪುಸ್ತಕದ ಅಂಕಿಯನ್ನು ಕರಡಿಗೆಯ ತಳದಲ್ಲಿ ಗೀರಿದ. ಬಂದ ಹಣದ ಜೋಳದಲ್ಲಿ ಅರ್ಧ ಮನೆಗೆ. ಇನ್ನರ್ಧ ಹಿತ್ತಿಲ ಆಚೆಯ ಎರಡು ಮನೆಗಳಿಗೆ. ಎರಡು ವರ್ಷ ಅಜ್ಜಿಯ ಲಿಂಗ ಅರಿವೆಯ ಗಂಟಿನಲ್ಲಿಯೇ ಇತ್ತು. ಯಾರಾದರೂ ಕೇಳಿದರೆ ಬೆಳ್ಳಿ ಭಾರವಾಯಿತು ಎನ್ನುತ್ತಿದ್ದಳು. ಬಿಡಿಸಿಕೊಂಡು ಬಂದ ಮೇಲೆ ಮಕ್ಕಳು ಗುರುತನ್ನು ಕಂಡು ಏನೆಂದು ಕೇಳಿದಾಗ ದೇವರ ಅಕ್ಷರ ಎಂದು ನಕ್ಕಳಂತೆ. ಆ ನಗೆಯನ್ನು ನಾವು ಮರೆತೆವು, ಅಕ್ಷರವನ್ನು ಹಿಡಿದುಕೊಂಡೆವು.

ಹಿತ್ತಿಲ ಆಚೆಯ ಆ ಎರಡು ಮನೆಗಳ ಹೆಸರನ್ನು ಅಕ್ಕನ ಬಾಯಿಂದ ಕೇಳಿದಾಗ ನಾನು ಎದ್ದು ಹೋಗಿ ಕಟ್ಟನ್ನು ತಂದೆ. ಅದರಲ್ಲಿ ಒಂದು ಮನೆತನದ ಹೆಸರು ಏಳು ಗರಿಗಳ ಪಟ್ಟಿಯಲ್ಲಿತ್ತು. ಮೂವತ್ತಮೂರು ವರ್ಷ ಮುಚ್ಚಿಟ್ಟಿದ್ದನ್ನು ಅಂದು ಎಲ್ಲರ ಮುಂದೆ ಓದಿದೆ.

ಈ ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ವಚನಗಳ ನಿಲುವು ನನಗೆ ಹಿಂದೆಂದಿಗಿಂತ ನಿಚ್ಚಳವಾಯಿತು. ವಚನದ ಅಕ್ಷರಗಳನ್ನು ಹೊತ್ತ ಕಟ್ಟು ವಚನಕ್ಕೆ ವಿರುದ್ಧವಾದ ನಡೆಯನ್ನು ದಾಖಲಿಸಿತ್ತು. ಒಂದಕ್ಷರವನ್ನೂ ಓದಲು ಬಾರದ ಅಜ್ಜಿಯ ಕರಡಿಗೆ ವಚನದ ನಡೆಯನ್ನೇ ದಾಖಲಿಸಿತ್ತು. ಅದೂ ಅಡವು ಹಿಡಿದವನ ಕೈಯಿಂದ. ಎರಡರ ನೆನಪನ್ನೂ ನಾವು ತಲೆಕೆಳಗು ಮಾಡಿಕೊಂಡಿದ್ದೆವು. ಪೂಜೆಯೆಂಬುದು ಎರಡನ್ನೂ ಸಮಾನವಾಗಿ ಮುಚ್ಚಿತ್ತು: ಹಿರಿಯನ ಲೋಭವನ್ನು ಮುಚ್ಚಿದಂತೆಯೇ ಅಜ್ಜಿಯ ದಾಸೋಹವನ್ನೂ ಮುಚ್ಚಿತ್ತು. ಹಿರಿಯರ ದೋಷ ಕಾಣಬಾರದೆಂದು ನಾವು ವಸ್ತುವಿಗೆ ಬಟ್ಟೆ ಸುತ್ತಿದರೆ ಅವರ ಗುಣವೂ ಅದೇ ಬಟ್ಟೆಯೊಳಗೆ ಉಳಿಯುತ್ತದೆ. ಬೀಜಾಕ್ಷರಕ್ಕಿಂತ ಅಡವಿನ ಅಂಕಿ ಎಷ್ಟು ದೊಡ್ಡದೆಂಬುದು ತಿಳಿಯಬೇಕಾದರೆ ಬೀಜಾಕ್ಷರದ ಕಥೆಯನ್ನು ಬಿಡಲು ನಾವು ಸಿದ್ಧರಿರಬೇಕು.

ಆದ್ದರಿಂದ ಮನೆತನದ ವಸ್ತುಗಳನ್ನು ಬಿಸುಡಬೇಕೆಂದು ನಾನು ಹೇಳುತ್ತಿಲ್ಲ, ಶರಣರೂ ಹೇಳಿಲ್ಲ. ಅವನ್ನು ಓದಬೇಕು. ವಚನವನ್ನು ಓದುವ ಎಚ್ಚರದಿಂದಲೇ ಓದಬೇಕು: ಈ ಗುರುತು ಹೇಗೆ ಬಂತು, ಈ ಸವೆತ ಯಾರ ಕೈಯದು, ಈ ವಸ್ತು ಯಾರಿಗೆ ಒದಗಿತು, ಯಾರಿಂದ ಏನನ್ನು ಕಸಿಯಿತು ಎಂದು ಕೇಳಬೇಕು. ಮನೆಯಲ್ಲಿ ಹಿರಿಯ ಹೆಣ್ಣುಮಕ್ಕಳಿದ್ದರೆ ಅವರನ್ನು ಮೊದಲು ಕೇಳಬೇಕು. ಲೆಕ್ಕ ಬರೆದವರು ಗಂಡಸರಾದರೂ ಅಡವಿಡಲು ಹೋದವರು ಅವರೇ. ಸಂಶೋಧಕರು ಪಠ್ಯಕ್ಕಾಗಿ ಕಟ್ಟುಗಳನ್ನು ಬಿಚ್ಚಿದರು. ಅದು ಮಹೋಪಕಾರ. ಆದರೆ ಕಟ್ಟಿನ ಕೊನೆಯಲ್ಲಿ ಉಳಿದ ಸಾಲದ ಪಟ್ಟಿ, ದನದ ಔಷಧ, ಮದುವೆಯ ಖರ್ಚುಗಳನ್ನು ಅನೇಕ ಸಲ ನಾವು ಅನವಶ್ಯಕವೆಂದು ಬಿಟ್ಟಿದ್ದೇವೆ. ವಚನಗಳು ಯಾವ ಬಾಳಿನ ನಡುವೆ ಓದಲ್ಪಟ್ಟವು, ಅಥವಾ ಓದಲ್ಪಡದೆ ಉಳಿದವು, ಎಂಬುದನ್ನು ತಿಳಿಯಲು ಆ ಗರಿಗಳೇ ಸಾಕ್ಷಿ. ಮುಂದಿನ ವಿದ್ಯಾರ್ಥಿಗಳು ಈ ಕಡೆಗೆ ಗಮನ ಕೊಟ್ಟರೆ ವಚನವಿಮರ್ಶೆಗೆ ಹೊಸ ನೆಲೆಯೊಂದು ದೊರೆತೀತು.

ನಮ್ಮ ಕಟ್ಟನ್ನು ಹಸ್ತಪ್ರತಿ ಭಂಡಾರವೊಂದಕ್ಕೆ ಒಪ್ಪಿಸಲು ನಿರ್ಧರಿಸಿದಾಗ ಕೊನೆಯ ಏಳು ಗರಿಗಳನ್ನು ತೆಗೆದು ಕೊಡೋಣವೆಂದು ಅಣ್ಣ ಕೇಳಿಕೊಂಡ. ಮನೆತನದ ಮರ್ಯಾದೆಯ ಚಿಂತೆ ಅವನದು. ಅದನ್ನು ನಾನು ಹಗುರವಾಗಿ ಕಾಣಲಾರೆ, ಏಕೆಂದರೆ ಮೂವತ್ತಮೂರು ವರ್ಷ ನಾನೂ ಅದೇ ಚಿಂತೆಯಲ್ಲಿದ್ದವನು. ಆದರೂ 112 ಗರಿಗಳನ್ನೂ ಕೊಟ್ಟೆವು. ಕರಡಿಗೆ ಅಕ್ಕನಿಗೆ ಸಂದಿತು. ಅವಳದೇ ಲಿಂಗ ಅದರಲ್ಲಿದೆ. ಕಳೆದ ವರ್ಷ ಅದನ್ನು ಬೆಳಗಿಸಲು ಕೊಟ್ಟಾಗ, ತಳದ ಗೀರನ್ನು ಅಳಿಸಿಕೊಡಲೇ ಎಂದು ಅಕ್ಕಸಾಲಿಗ ಕೇಳಿದನಂತೆ. ಅಷ್ಟೊಂದನ್ನು ಬಿಟ್ಟು ಉಳಿದುದನ್ನು ಬೆಳಗಪ್ಪಾ ಎಂದಳಂತೆ ಅಕ್ಕ.